ಜೀಪು ನಿಲ್ಲುವ ಜಾಗ

ಚುನಾವಣೆಯಿಂದ ದೇಶಕ್ಕೆ ಏನು ಸಿಕ್ಕಿತೋ ನನಗೆ ತಿಳಿಯದು, ನಮ್ಮ ಮನೆಗೆ ಮಾತ್ರ ಕಾಫಿ ಸಿಕ್ಕಿತು. ಬೇರೆ ದಿನಗಳಲ್ಲಿ ನಮ್ಮಲ್ಲಿ ಬೆಳಿಗ್ಗೆ ಅಂಬಲಿ, ಬಿಸಿಲೇರಿದರೆ ಮಜ್ಜಿಗೆ. ಓಟು ಬಂತೆಂದರೆ ಬಂಗಾರಪೇಟೆಯಿಂದ ಕಾಫಿಪುಡಿ ಬರುತ್ತಿತ್ತು, ಅಟ್ಟದ ಪೆಟ್ಟಿಗೆಯಿಂದ ಬೆಳ್ಳಿ ಲೋಟ ಇಳಿಯುತ್ತಿತ್ತು. ಅತ್ತೆ ಅದನ್ನು ವಿಭೂತಿ ಹಾಕಿ ಮುಖ ಕಾಣುವ ಹಾಗೆ ಉಜ್ಜಿಡುತ್ತಿದ್ದರು. ಆ ಲೋಟದಲ್ಲಿ ಮನೆಯವರು ಯಾರೂ ಕುಡಿದದ್ದಿಲ್ಲ. ಅದು ಜೀಪಿನಿಂದ ಇಳಿಯುವವರಿಗೆ.

ಜೀಪು ನಮ್ಮ ಮನೆ ಮುಂದೆಯೇ ನಿಲ್ಲಬೇಕು ಎನ್ನುವುದು ನಮ್ಮ ಮಾವನ ಬಾಳಿನ ದೊಡ್ಡ ಆಸೆ. ಕ್ಯಾಸಂಬಳ್ಳಿ ಕಡೆಯ ರಸ್ತೆಯಲ್ಲಿದ್ದ ನಮ್ಮ ಹಳ್ಳಿಗೆ ಅವರೇ ಹಿರಿಯರು. ಊರಿನ ಓಟೆಲ್ಲ ತಮ್ಮ ಸೊಂಟದ ಎಲೆಅಡಿಕೆ ಚೀಲದಲ್ಲಿದೆ ಎಂದು ನಂಬಿದ್ದರು. ನಂಬಿಕೆಗೆ ಆಧಾರವೂ ಇತ್ತು. ನಮ್ಮಲ್ಲಿ ತಾಂಬೂಲ ಇಸಕೊಂಡರೆ ಮಾತು ಕೊಟ್ಟಂತೆ. ಹೆಣ್ಣು ಗೊತ್ತಾದರೂ ತಾಂಬೂಲ, ಎತ್ತು ಕೈಬದಲಾದರೂ ತಾಂಬೂಲ, ಬದುವಿನ ಜಗಳ ಮುಗಿದರೂ ತಾಂಬೂಲ. ಎಲೆ ಕೈಗೆ ಬಂದ ಮೇಲೆ ಇಲ್ಲ ಎಂದವನನ್ನು ಊರು ಮಾತಾಡಿಸುತ್ತಿರಲಿಲ್ಲ. ಓಟಿನ ಹಿಂದಿನ ದಿನ ಮಾವ ಜಗುಲಿಯ ಮೇಲೆ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದರು. ಮನೆಗೊಬ್ಬರು ಬಂದು ಎಲೆ ಇಸಕೊಂಡು ಹೋಗುತ್ತಿದ್ದರು. ಪ್ರಜಾಪ್ರಭುತ್ವ ಅಲ್ಲಿಗೆ ಮುಗಿಯಿತು. ಮರುದಿನ ನಡೆಯುವುದು ಬರೀ ಶಾಸ್ತ್ರ.

ಮೊದಲನೆಯ ಚುನಾವಣೆಯ ಹೊತ್ತಿಗೆ ನಾನು ಹೊಸ ಸೊಸೆ, ಓಟಿನ ವಯಸ್ಸು ಇನ್ನೂ ಆಗಿರಲಿಲ್ಲ. ಹುಟ್ಟಿ ಬೆಳೆದದ್ದು ಉರಿಗಾಂನ ಲೈನಿನಲ್ಲಿ, ಅಂದರೆ ಚಿನ್ನದ ಗಣಿಯ ಕೂಲಿಗಳ ಸಾಲುಮನೆಯಲ್ಲಿ, ಅಪ್ಪ ಗಣಿ ಕೆಲಸದಲ್ಲಿದ್ದ. ಹಾಗಾಗಿ ನನ್ನ ಬಾಯಲ್ಲಿ ಕನ್ನಡದ ಜೊತೆಗೆ ತಮಿಳೂ ಓಡಾಡುತ್ತಿತ್ತು. ಬಂದ ವಾರದಲ್ಲೇ ಮಾವ, ಲೈನಿನ ಭಾಷೆ ಹೊಸಿಲಿನಾಚೆಗೇ ಇರಲಿ ಎಂದು ಅಪ್ಪಣೆ ಮಾಡಿದ್ದರು. ಮನೆಯೊಳಗೆ ತೆಲುಗು ಮಾತ್ರ ಧಾರಾಳವಾಗಿ ಓಡಾಡಬಹುದಿತ್ತು, ಅದು ಅವರ ತಾಯಿಯ ಭಾಷೆ.

ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವರವರ ಗುರುತು, ಬೇಕಾದ್ದರೊಳಗೆ ಚೀಟಿ ಹಾಕಿ ಬರಬೇಕು. ಹೆಂಗಸರಿಗೆ ಗುರುತು ತಪ್ಪದಿರಲೆಂದು ಮಾವ ಒಂದು ಉಪಾಯ ಮಾಡಿದರು. ತಾವೇ ಮೊದಲು ಒಳಗೆ ಹೋಗಿ, ತಮ್ಮ ಕಡೆಯವರ ಪೆಟ್ಟಿಗೆಯ ಮೇಲೆ ಒಂದು ಕಣಗಿಲೆ ಹೂವಿಟ್ಟು ಬಂದು, ಹೂವಿರುವ ಪೆಟ್ಟಿಗೆಗೆ ಹಾಕಿ ಎಂದರು. ಹೆಂಗಸರ ಸಾಲಿನಲ್ಲಿ ಮೊದಲು ಹೋದವರು ಅತ್ತೆ. ಹೊರಗೆ ಬರುವಾಗ ಅವರ ಮುಡಿಯಲ್ಲಿ ಒಂದು ಹೂವೂ ಉಳಿದಿರಲಿಲ್ಲ.

"ಒಂದೇ ಸಾಲ್ನಾಗೆ ಕೂತವೆ," ಎಂದರು ಅತ್ತೆ, ಮಾವ ಕೇಳಿದ್ದಕ್ಕೆ. "ಒಂದ್ಕೆ ಊವು ಇಕ್ಬುಟ್ಟು ಮಿಕ್ಕಿದ್ದೋವ್ನ ಬೋಳು ಬಿಡಾಕಾಯ್ತದಾ? ಎಲ್ಲಾಕೂ ಇಕ್ಕಿ ಕೈ ಮುಗ್ದು ಬಂದೆ."

ಹಿಂದೆ ಬಂದ ಹೆಂಗಸರು ಹೂವಿದ್ದ ಪೆಟ್ಟಿಗೆಗೇ ಹಾಕಿದರು. ಮಾವನ ಮಾತನ್ನು ಯಾರೂ ಮೀರಲಿಲ್ಲ. ನಮ್ಮೂರಿನ ಓಟು ಪ್ರಸಾದದ ಹಾಗೆ ಎಲ್ಲರಿಗೂ ಸಮನಾಗಿ ಹಂಚಿಹೋಯಿತು. ಆದರೂ ಮಾವನ ಕಡೆಯವರೇ ಗೆದ್ದದ್ದರಿಂದ ಬೆಳ್ಳಿ ಲೋಟದ ಮರ್ಯಾದೆ ಉಳಿಯಿತು.

ಕೆಟ್ಟದ್ದು ಆಮೇಲೆ. ನಮ್ಮೂರ ಹುಡುಗರು ಒಬ್ಬೊಬ್ಬರಾಗಿ ಗಣಿಗೆ ಹೊರಟರು. ಬಂಗಾರಪೇಟೆಗೆ ನಡೆದು ಅಲ್ಲಿಂದ ರೈಲು ಹತ್ತುತ್ತಿದ್ದವರು ಕೆಲವು ದಿನಗಳಲ್ಲೇ ಗಣಿಯ ಪಕ್ಕದ ಮೈಸೂರು ಮೈನ್ಸ್ ಕಡೆಯಲ್ಲೇ ಬಾಡಿಗೆಗೆ ನಿಂತರು. ಹಬ್ಬಕ್ಕೆ ಬಂದಾಗ ತಮಿಳಿನಲ್ಲಿ ಕೆಮ್ಮುತ್ತಿದ್ದರು, ಯೂನಿಯನ್ನಿನ ಭಾಷಣವನ್ನು ಕನ್ನಡದಲ್ಲಿ ಒಪ್ಪಿಸುತ್ತಿದ್ದರು. ಮಾವನಿಗೆ ಅದರಲ್ಲಿ ಯಾವುದು ಹೆಚ್ಚು ಬೇಸರವೋ ಹೇಳುವುದು ಕಷ್ಟ. ಆ ಹುಡುಗರ ಓಟೂ ಗಣಿಯ ಕಡೆಗೇ ಹೋಯಿತು. ಎರಡನೆಯ ಚುನಾವಣೆಯಲ್ಲಿ ಜೀಪಿನವರು ಜಗುಲಿ ಹತ್ತಿದರಾದರೂ ಪೂರ್ತಿ ಕೂರಲಿಲ್ಲ. ಕಾಫಿಯನ್ನು ಅರ್ಧಕ್ಕೇ ಬಿಟ್ಟು, ಊರಿನಲ್ಲಿ ಈಗ ಎಷ್ಟು ಮನೆ ಉಳಿದಿವೆ ಗೌಡ್ರೇ ಎಂದು ಕೇಳಿದರು. ಮಾವನ ಕಿವಿ ಆ ಹೊತ್ತಿಗೆ ಸರಿಯಾಗಿ ಮಂದವಾಯಿತು.

ಊರು ಒಂದು ಕಡೆಯಿಂದ ಖಾಲಿಯಾದರೆ ಇನ್ನೊಂದು ಕಡೆಯಿಂದ ತುಂಬಿತು. ಗಣಿಯಲ್ಲಿ ಕೆಲಸ ಮುಗಿದವರು, ಎದೆ ಕೆಟ್ಟವರು ಕಂಪನಿಯ ಮನೆ ಬಿಡಬೇಕಿತ್ತು. ಅಂಥವರು ಒಂದು ತುಂಡು ನೆಲ ಹುಡುಕುತ್ತಾ ಬಂದರು. ರಸ್ತೆಯಂಚಿನಲ್ಲಿ ಮಾವನ ಒಂದು ಕಲ್ಲುಭೂಮಿ ಇತ್ತು, ಹುರುಳಿ ಚೆಲ್ಲಿದರೂ ಮೊಳೆಯುತ್ತಿರಲಿಲ್ಲ. ಕೊಳ್ಳುವ ಮಂಕುಗಳು ಸಿಕ್ಕಿದರೆಂದು ಮಾವ ಒಳಗೊಳಗೇ ನಗುತ್ತಾ ಸೈಟುಗಳಾಗಿ ಮಾರಿದರು. ಬಿದಿರು ತಟ್ಟಿಯ ಗೋಡೆ, ತಗಡಿನ ಸೂರು. ನೋಡುನೋಡುತ್ತಾ ಅಲ್ಲೊಂದು ಹೊಸ ಲೈನೇ ಎದ್ದಿತು. ರಾಗಿ ಬೆಳೆಯದ ನೆಲದಲ್ಲಿ ಓಟು ಬೆಳೆಯುತ್ತದೆಂದು ಮಾವನಿಗೆ ಯಾರೂ ಹೇಳಿರಲಿಲ್ಲ.

ಹೊಸ ಲೈನಿನವರು ನಮ್ಮ ಹೊಲಕ್ಕೆ ಕಳೆ ಕೀಳಲು ಬರುತ್ತಿದ್ದರು. ನಮ್ಮ ಜಗುಲಿಗೆ ಬಹಳ ತಿಳಿವಳಿಕೆ. ಯಾರು ಮೇಲೆ ಕೂರಬೇಕು, ಯಾರು ಕೆಳಗೆ ನಿಲ್ಲಬೇಕು ಎನ್ನುವುದು ಅದರ ಕಲ್ಲಿಗೇ ಗೊತ್ತಿತ್ತು. ಇವರದು ಅಂಗಳದಾಚೆ. ಇವರಿಗೆಂದೇ ಸೂರಿನ ಸಂದಿಯಲ್ಲಿ ತೆಂಗಿನ ಚಿಪ್ಪು ಸಿಕ್ಕಿಸಿಟ್ಟಿತ್ತು. ಅದಕ್ಕೆ ಮಜ್ಜಿಗೆಯನ್ನು ಮೇಲಿನಿಂದ ಹುಯ್ಯುತ್ತಿದ್ದವಳು ನಾನೇ.

ಮೂರನೆಯ ಚುನಾವಣೆ ಬಂತು. ಈಗ ಎಲ್ಲರಿಗೂ ಸೇರಿ ಒಂದೇ ಪೆಟ್ಟಿಗೆ, ಕಾಗದದ ಮೇಲೆ ಮುದ್ರೆ ಒತ್ತಬೇಕು. ಹೂವಿಡುವುದಕ್ಕೂ ಜಾಗವಿಲ್ಲ ಎಂದು ಅತ್ತೆ ಆಸಕ್ತಿಯನ್ನೇ ಕಳೆದುಕೊಂಡರು. ಮಾವ ಮಾತ್ರ ಲೆಕ್ಕ ಹಾಕುತ್ತಾ ಕೂತರು. ಹಳೇ ಊರಿಗಿಂತ ಹೊಸ ಲೈನಿನಲ್ಲೇ ಜನ ಜಾಸ್ತಿ. ಅದೂ ತಮ್ಮ ಚೀಲದಲ್ಲಿದೆ ಎಂದು ತೋರಿಸಿದರೆ ಜೀಪು ನಿಲ್ಲದೆ ಎಲ್ಲಿಗೆ ಹೋಗುತ್ತದೆ? ಒಂದು ಬೆಳಿಗ್ಗೆ ನನ್ನನ್ನು ಕರೆದರು.

"ನಿಂಗೆ ಆ ಮಾತು ಬತ್ತದಲ್ಲ ಕಣಮ್ಮ," ಎಂದರು, ಗೋಡೆ ನೋಡುತ್ತಾ. "ಮನೆಮನೆಗೂ ಓಗಿ ಎಲೆಅಡಿಕೆ ಕೊಟ್ಟು ಬಾ."

ಹತ್ತು ವರ್ಷ ಹೊಸಿಲಿನಾಚೆ ಕಾದಿದ್ದ ನನ್ನ ತಮಿಳಿಗೆ ಕೊನೆಗೂ ಒಳಗೆ ಕರೆ ಬಂತು. ಬುಟ್ಟಿ ತುಂಬ ಎಲೆ ಹೊತ್ತುಕೊಂಡು ಹೋದೆ. ಒಬ್ಬರಾದರೂ ಬೇಡ ಎನ್ನಲಿಲ್ಲ. ನಾವು ಯಾರಿಗೆ ಚಿಪ್ಪಿನಲ್ಲಿ ಮಜ್ಜಿಗೆ ಹುಯ್ಯುತ್ತಿದ್ದೆವೋ ಅವರು ನನಗೆ ಮಣೆ ಹಾಕಿ ಕೂರಿಸಿದರು. ಟೀ ಅಂಗಡಿ ಇಟ್ಟಿದ್ದ ಮುದುಕ ಗಣಿಯಲ್ಲಿ ಮೇಸ್ತ್ರಿಯಾಗಿದ್ದವನು, ಲೈನಿಗೆಲ್ಲ ಅವನ ಮಾತು ನಡೆಯುತ್ತಿತ್ತು. ಅವನ ಹೆಂಡತಿ ವೆತ್ತಲೆ ಎನ್ನುತ್ತಾ ಎಲೆಯನ್ನು ಕಣ್ಣಿಗೊತ್ತಿಕೊಂಡು ಒಂದು ಡಬ್ಬಿಗೆ ಹಾಕಿದಳು. ಡಬ್ಬಿಯಲ್ಲಿ ಆಗಲೇ ಬೇಕಾದಷ್ಟು ಎಲೆ ಇತ್ತು.

"ಮೊನ್ನೆ ಯೂನಿಯನ್ನೋರು ಕೊಟ್ರು, ನಿನ್ನೆ ಇನ್ನೊಬ್ಬರು ಬಂದ್ರು," ಎಂದಳು, ನನ್ನ ನೋಟ ಕಂಡು. "ಬೇಡ ಅಂದ್ರೆ ಬಂದೋರಿಗೆ ಅವಮಾನ ಅಲ್ವಾಮ್ಮಾ? ವೆತ್ತಲೆ ಬೇರೆ, ಓಟು ಬೇರೆ."

ಮನೆಗೆ ಬಂದು ಇದನ್ನೆಲ್ಲ ಹೇಳಹೊರಟೆ. ಮಾವ ಅರ್ಧದಲ್ಲೇ ತಡೆದರು.

"ಎಲೆ ಇಸ್ಕೊಂಡ್ರಾ ಇಲ್ವಾ? ಅಷ್ಟೇಳು."

"ಇಸ್ಕೊಂಡ್ರು ಮಾವ. ಎಲ್ಲಾರೂ."

"ಅಂಗಾದ್ರೆ ಆಯ್ತಲ್ಲ."

ಜೀಪು ಬರುವ ದಿನ ಅವರು ಮುಂಜಾನೆಯಿಂದಲೇ ರುಮಾಲು ಸುತ್ತಿ ಜಗುಲಿಯ ಮೇಲಿದ್ದರು. ಹಾಲು ಮೂರು ಸಲ ಕಾದು ಕೆನೆಗಟ್ಟಿತು. ಬಿಸಿಲೇರುವ ಹೊತ್ತಿಗೆ ಧೂಳೆಬ್ಬಿಸುತ್ತಾ ಜೀಪು ಬಂತು. ನಿಂತಿತು, ಸರಿಯಾಗಿ ನಮ್ಮ ಮನೆ ಮುಂದೆಯೇ. ಮಾವ ಎದ್ದು ಅಂಗಳಕ್ಕಿಳಿದರು. ನಾನು ಬೆಳ್ಳಿ ಲೋಟಕ್ಕೆ ಕಾಫಿ ಬಗ್ಗಿಸಿದೆ. ಡ್ರೈವರು ಕತ್ತು ಹೊರಗೆ ಹಾಕಿ, ಹೊಸ ಲೈನಿನ ಮೇಸ್ತ್ರಿಯವರ ಟೀ ಅಂಗಡಿ ಎಲ್ಲಿ ಬರುತ್ತದೆ ಎಂದು ಕೇಳಿದ. ಹಿಂದಿನ ಸೀಟಿನಲ್ಲಿದ್ದವರು ಮಾವನಿಗೆ ನಗುತ್ತಾ ಕೈ ಮುಗಿದರು, ಇಳಿಯಲಿಲ್ಲ. ಕಾಫಿಗೆ ಇನ್ನೊಮ್ಮೆ ಬರುತ್ತೇವೆ ಎಂದರು. ಮಾವ ತೋಳು ನೀಡಿ ತಾವು ಮಾರಿದ ನೆಲಕ್ಕೆ ತಾವೇ ದಾರಿ ತೋರಿಸಿದರು. ಜೀಪು ಹೋದ ಮೇಲೂ ಆ ತೋಳು ಸ್ವಲ್ಪ ಹೊತ್ತು ಹಾಗೇ ಇತ್ತು.

ಅತ್ತೆ ನನ್ನ ಕೈಯಿಂದ ಬೆಳ್ಳಿ ಲೋಟ ತೆಗೆದುಕೊಂಡು, ಒಲೆ ಮುಂದೆ ಕೂತು, ಕಾಫಿಯನ್ನು ನಿಧಾನವಾಗಿ ತಾವೇ ಕುಡಿದು ಮುಗಿಸಿದರು. ಎಷ್ಟು ದಿನದಿಂದ ಕಾದಿದ್ದರೋ.

ಅಂದು ಮಾವ ಊಟಕ್ಕೆ ಸರಿಯಾಗಿ ಕೂರಲಿಲ್ಲ. ಮರುದಿನ ಅದೇ ರುಮಾಲು ಸುತ್ತಿಕೊಂಡು ರಸ್ತೆಗಿಳಿದರು. ಎಲ್ಲಿಗೆ ಎಂದು ಅತ್ತೆ ಕೇಳುವಷ್ಟರಲ್ಲಿ ತಿರುವು ದಾಟಿದ್ದರು. ಸಂಜೆ ಬಂದರು, ಮುಖದಲ್ಲಿ ಕಳೆ ಇತ್ತು. ಇನ್ನೊಂದು ಕಡೆಯವರ ಜೀಪು ಬಂದಿತ್ತಂತೆ, ತಮ್ಮ ಮುಂದೆಯೇ ನಿಂತಿತಂತೆ, ಇಳಿದವರು ತಮಗೇ ಮೊದಲು ಕೈ ಮುಗಿದರಂತೆ. ಹೊಸ ಲೈನಿನ ಮೇಸ್ತ್ರಿಯ ಟೀ ಅಂಗಡಿಯ ಬೆಂಚಿನ ತುದಿಯಲ್ಲಿ ಕೂತಿದ್ದರೆ ಯಾರಿಗೆ ತಾನೇ ಮೊದಲು ಮುಗಿಯುವುದಿಲ್ಲ? ಆ ಬೆಂಚಿಗೆ ನಮ್ಮ ಜಗುಲಿಯ ತಿಳಿವಳಿಕೆ ಇರಲಿಲ್ಲ, ಎಲ್ಲರೂ ಒಟ್ಟಿಗೇ ಕೂರುತ್ತಿದ್ದರು. ಅಲ್ಲಿಂದಾಚೆ ಓಟು ಮುಗಿಯುವವರೆಗೂ ಮಾವನ ಜಾಗ ಅದೇ. ಯಾವ ಕಡೆಯ ಜೀಪಾದರೂ ಸರಿ, ನಿಂತರೆ ಸಾಕು ಎನ್ನುವಷ್ಟು ಉದಾರವಾಗಿಬಿಟ್ಟಿದ್ದರು.

ಆ ಮೊದಲ ಸಂಜೆ ಅತ್ತೆ ಅವರಿಗೆ ಕಾಲು ತೊಳೆಯಲು ನೀರು ಕೊಡುತ್ತಾ ಒಂದೇ ಮಾತು ಕೇಳಿದರು.

"ಅಲ್ಲಿ ಟೀ ಕುಡುದ್ರಾ?"

ಮಾವ ಕಾಲನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಜ್ಜಿದರು. ಕಣ್ಣು ಸೂರಿನ ಸಂದಿಯ ಚಿಪ್ಪಿನ ಕಡೆ ಹೋಗಿ ಬಂತು.

"ಊಂ," ಎಂದರು. "ಗಾಜಿನ ಲೋಟ್ದಾಗೆ ಕೊಟ್ರು. ಸಕ್ಕರೆ ಒಸಿ ಜಾಸ್ತಿ."