ಎಲೆ ಉದುರಿಸಿದ ಲಕ್ಕಿ

ಪಂಜಾಬಿನ ಪಠಾಣಕೋಟದಲ್ಲಿ ನಮ್ಮ ಮೊದಲ ಚಳಿಗಾಲ. ಒಂದು ಬೆಳಗ್ಗೆ ಹಿತ್ತಲಿಗೆ ಬಂದು ನೋಡುತ್ತೇನೆ, ನನ್ನ ಲಕ್ಕಿ ಗಿಡದ ಮೇಲೆ ಒಂದೇ ಒಂದು ಎಲೆಯಿಲ್ಲ. ನಾನಾಗ ಎಂಟು ತಿಂಗಳು ತುಂಬಿದ ಬಸುರಿ.

ತೊಂಬತ್ತೆಂಟನೆಯ ಇಸವಿಯ ಮಾತು. ನನ್ನವರದು ಮಿಲಿಟರಿ ನೌಕರಿ. ಮಳೆಗಾಲಕ್ಕೆ ಅಲ್ಲಿ ಮನೆ ಹೂಡಿದ್ದೆವು. ನಮ್ಮೂರು ಉಗರಗೋಳದಿಂದ ಹೊರಡುವಾಗ ಆಯಿ, ಅಂದರೆ ಅವ್ವನ ಅವ್ವ, ಬೇಲಿಯ ಲಕ್ಕಿ ಕಡ್ಡಿ ಮುರಿದು ಹಸಿ ಅರಿವೆಯಲ್ಲಿ ಸುತ್ತಿಕೊಟ್ಟಿದ್ದಳು.

"ಬಾಣಂತನಕ್ಕ ಬರಾಕ ಆಗ್ಲಿಲ್ಲಂದ್ರ ಇದು ಇರಲಿ. ಲಕ್ಕಿ ತಪ್ಪಲ, ಎಲಿ, ಹಾಕಿ ಕುದಿಸಿದ ನೀರು ಮೈಮ್ಯಾಲೆ ಬೀಳಲಿಲ್ಲಂದ್ರ ಮುಪ್ಪಿನ್ಯಾಗ ನಡಾ ಮಾತಾಡಾಕ ಹತ್ತತೈತಿ, ನೋಡವಾ."

ಅವಳಂದಂತೆಯೇ ಆಯಿತು. ಪ್ರಯಾಣ ಬೇಡವೆಂದು ಡಾಕ್ಟರು ತಡೆದರು.

ಸವದತ್ತಿ ಸೀಮೆಯವರು ಯಾರಾದರೂ ಲಕ್ಕಿಗೆ ನೀರು ಹಾಕಿದ್ದೀರಾ? ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ, ಲಕ್ಕಿಯನ್ನು ಅದೂ ಮೂಸಿ ಬಿಟ್ಟುಹೋಗುತ್ತದೆ. ನಮ್ಮಲ್ಲಿ ಬೇಕಾದಾಗ ಹರಿದರಾಯಿತು, ಒಣಗಿಸಿಡುವ ರೂಢಿಯೇ ಇಲ್ಲ. ಅದೇ ಭರವಸೆಯಲ್ಲಿ, ಸೊಂಟದೆತ್ತರ ಬೆಳೆದ ಗಿಡದ ಒಂದೆಲೆಯನ್ನೂ ಕೀಳದೆ ಹೆರಿಗೆಗೆಂದು ಕಾದಿದ್ದೆ. ಈಗ ಬೋಳು ಕಡ್ಡಿಗೆ ದಿನವೂ ಎರಡು ಬಕೀಟು ನೀರು ಸುರಿಯತೊಡಗಿದೆ.

ಪಕ್ಕದ ಮನೆಯ ಮುದುಕಿಯನ್ನು ಎಲ್ಲರೂ ಬೀಜಿ ಎನ್ನುತ್ತಿದ್ದರು. ಅಲ್ಲಿ ತಾಯಿಯನ್ನು ಹಾಗೆ ಕರೆಯುತ್ತಾರೆ. ಅವಳು ಬಂದು ಉಗುರಿನಿಂದ ತೊಗಟೆ ಕೆರೆದಳು. ಒಳಗೆ ಹಸಿರು!

"ಸುತ್ತಾ ಏ, ಪುತ್ತರ್," ಎಂದಳು. ಮಲಗಿದೆ ಮಗೂ, ಅಂತ. ಆಮೇಲೆ ಬೈದದ್ದು ನಮ್ಮ ಮಾತಿನಲ್ಲಿ ಹೀಗಾದೀತು: "ನೀ ರಜಾಯಿ ಹೊದ್ದು ಮಲಗತಿ, ಅದರ ಮ್ಯಾಲೆ ತಣ್ಣೀರ ಸುರೀತಿ? ನಾಚಿಕಿ ಬರೂದಿಲ್ಲ?"

ಗಿಡ ಬದುಕಿತ್ತು, ನಿಜ. ಆದರೆ ಎಲೆ? ಅರೆಬರೆ ಹಿಂದಿಯಲ್ಲಿ ಬಾಣಂತಿ ನೀರಿನ ಕತೆ ಹೇಳಿದೆ. ಬೀಜಿ ನನ್ನ ಕೈ ಹಿಡಿದು ತನ್ನ ಗೋದಿ ಪೀಪಾಯಿಯ ಮುಂದೆ ನಿಲ್ಲಿಸಿ ಮುಚ್ಚಳ ತೆಗೆದಳು. ಕಮ್ಮೆಂದು ಆಯಿಯ ಹಿತ್ತಲಿನ ವಾಸನೆ ಬಂತು. ಹುಳ ಬೀಳದಿರಲೆಂದು ಚಳಿಗೆ ಮೊದಲೇ ಒಣಗಿಸಿ ಗೋದಿಯಲ್ಲಿ ಹುದುಗಿಸಿಟ್ಟ ಲಕ್ಕಿ ಎಲೆ! ಅವರು ಅದನ್ನು ಬಣಾ ಎನ್ನುತ್ತಾರಂತೆ. ಊರಾಚೆಯ ಹಳ್ಳದ ತುಂಬ ಅದೇ ಅಂತೆ. ಗೋಡೆಗೆ ಒರಗಿ ಅತ್ತುಬಿಟ್ಟೆ.

ಮಗಳು ಹುಟ್ಟಿದಳು. "ಇಂಥಾ ಥಂಡ್ಯಾಗ ಕೊಡಗಟ್ಟಲೆ ನೀರ? ಹುಚ್ಚರ ದೇಶ ನಿಮ್ದು," ಎಂಬರ್ಥದಲ್ಲಿ ಗೊಣಗುತ್ತಲೇ ಬೀಜಿ ತನ್ನ ಪೀಪಾಯಿಯ ಎಲೆ ಕುದಿಸಿ, ನಾನು ಹೇಳಿದಷ್ಟೂ ನೀರು ಹಾಕಿದಳು.

ಹನ್ನೊಂದನೆಯ ದಿನ ಅವಳ ಮನೆಯಿಂದಲೇ ಉಗರಗೋಳದ ಕುಂಕುಮದ ಅಂಗಡಿಗೆ ಫೋನು ಮಾಡಿ ಆಯಿಯನ್ನು ಕರೆಸಿದೆ.

"ನೀರ ಹಾಕಿದ್ರೇನವಾ?"

"ಹಾಕಿದ್ರು, ಆಯಿ."

"ತಪ್ಪಲ ನಮ್ಮ ಗಿಡದ್ದ ಹೌದಿಲ್ಲ?"

ಎದುರಿಗೆ ಬೀಜಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಪಂಜಾಬಿಯಲ್ಲಿ ಲಾಲಿ ಹೇಳುತ್ತಿದ್ದಳು.

"ಹೌದ ಆಯಿ, ನಮ್ಮದ."

ಆಯಿಗೆ ನಾನು ಸುಳ್ಳು ಹೇಳಿದ್ದು ಅದೊಂದೇ ಸಲ. ಅದನ್ನು ಸುಳ್ಳು ಎನ್ನಲು ಈಗ ಮನಸ್ಸು ಒಪ್ಪುವುದಿಲ್ಲ.