ಪೆಟ್ಟಿಗೆಯೊಳಗಿನ ಟಿಕ್ ಟಿಕ್

ಬೀದಿಯವರಿಗೆಲ್ಲ ಅವಳು ಗಡಿಯಾರದಕ್ಕ. ಇಪ್ಪತ್ತು ವರ್ಷ ಪರದೇಶದ ಗೋಡೆ ಗಡಿಯಾರ ತರಿಸಿ ಮಾರಿದವಳು. ಹೋದ ವರ್ಷ ಸಿದ್ಧ ಗಡಿಯಾರಗಳ ಆಮದು ಸುಂಕ ಒಮ್ಮೆಲೇ ದುಪ್ಪಟ್ಟಾಯಿತು. ಬಿಡಿಭಾಗಗಳದು ಹಾಗೆಯೇ ಉಳಿಯಿತು. ಅವಳು ತಲೆಯ ಮೇಲೆ ಕೈ ಹೊತ್ತು ಕೂರಲಿಲ್ಲ. ಒಳಗಿನ ಯಂತ್ರವನ್ನಷ್ಟೇ ತರಿಸಿ, ಮರದ ಚೌಕಟ್ಟನ್ನು ಅಂಗಡಿಯ ಹಿಂದಿನ ಕೋಣೆಯಲ್ಲೇ ಮಾಡಿಸತೊಡಗಿದಳು. ಇಬ್ಬರು ಬಡಗಿಗಳು, ಬಣ್ಣ ಹಚ್ಚುವ ಒಬ್ಬ ವಿಧವೆ ಆ ಕೋಣೆಯನ್ನೇ ನಂಬಿದ್ದರು.

ಯಂತ್ರಗಳ ಮೊದಲ ಸರಕು ಬಂದ ದಿನ, ಕಾಗದಪತ್ರ ನೋಡಿಕೊಳ್ಳುವ ಮೈದುನನ ಜೊತೆ ಬಂದರಿನ ಗೋದಾಮಿಗೆ ಹೋದಳು. 'ಯಂತ್ರಗಳು ಮಾತ್ರ' ಎಂದು ಅವನು ಸುಂಕದವರಿಗೆ ಆಗಲೇ ಬರೆದುಕೊಟ್ಟಿದ್ದ. ಸುಂಕದ ಅಧಿಕಾರಿ ಎರಡು ಸಾಲು ಆಚೆ ಯಾರದೋ ಪೆಟ್ಟಿಗೆ ಬಿಚ್ಚಿಸುತ್ತಿದ್ದರು. ತನ್ನ ಪೆಟ್ಟಿಗೆಯೊಂದರ ಮೇಲೆ ಕೈಯಿಟ್ಟಿದ್ದ ಅವಳು ಬಗ್ಗಿ ಅದಕ್ಕೆ ಕಿವಿಯಾನಿಸಿದಳು.

"ಕೇಳಿಸ್ತಾ?"

"ಏನತ್ತಿಗೆ?"

"ಮರದೊಳಗೆ ಕೂತ ಯಂತ್ರದ ಸದ್ದು. ಅಳತೆ ನೋಡ್ಲಿ ಅಂತ ಹನ್ನೆರಡು ಚೌಕಟ್ಟು ಕಳಿಸಿದ್ವಲ್ಲ, ಯಂತ್ರ ಮಾಡೋ ಆ ಪುಣ್ಯಾತ್ಮರು ಎಲ್ಲಕ್ಕೂ ಯಂತ್ರ ಕೂರಿಸಿ, ಸೆಲ್ಲೂ ಹಾಕಿ ಕಳಿಸಿರ್ಬೇಕು. ಖಾಲಿ ಚೌಕಟ್ಟು ವಾಪಸ್ ಕಳಿಸಿ ಅಂತ ನಾನೇ ಹೇಳಲಿಲ್ಲ."

ಮೈದುನ ಅಧಿಕಾರಿಯತ್ತ ಕಣ್ಣು ಹಾಯಿಸಿ ದನಿ ತಗ್ಗಿಸಿದ. "ಸುಮ್ನಿರಿ ಅತ್ತಿಗೆ. ಅವರೇನು ಎಲ್ಲಾ ಪೆಟ್ಟಿಗೆ ಬಿಚ್ಚಲ್ಲ."

"ಬಿಚ್ಚೋದೇಕೆ? ಕಿವಿ ಇದ್ರೆ ಸಾಕು."

ಸುಳ್ಳು ಬರೆದಿದ್ದಾರೆಂದಾದರೆ ಆಮದಿನ ಪರವಾನಗಿಯೇ ಹೋಗುತ್ತಿತ್ತು; ಹಿಂದಿನ ಕೋಣೆಗೂ ಬೀಗ. ಅಧಿಕಾರಿಯ ಬೂಟಿನ ಸದ್ದು ಹತ್ತಿರವಾದಂತೆ ಅವಳು ತುಟಿಯಲ್ಲೇ ದೇವರ ಹೆಸರು ಹೇಳಿಕೊಂಡಳು. ಕಾಪಾಡು ಎನ್ನಲಿಲ್ಲ, ನಿಜ ಹೇಳಲು ನಾಲಿಗೆ ಹೊರಳಿಸು ಎಂದಷ್ಟೇ ಬೇಡಿದಳು.

"ಸರ್, ಬಿಚ್ಚೋಕೆ ಮುಂಚೆ ಒಂದು ಮಾತು. ಇದರಲ್ಲಿ ಹನ್ನೆರಡು ಪೂರ್ತಿ ಗಡಿಯಾರ ಇವೆ. ನಮ್ಮ ಕಾಗದ ತಪ್ಪಾಗಿದೆ."

ಅವರು ಅವಳನ್ನೂ ಪೆಟ್ಟಿಗೆಯನ್ನೂ ನೋಡಿದರು. "ಹನ್ನೆರಡೇನಾ?"

"ಹನ್ನೆರಡೇ ಅಂದ್ಕೊಂಡಿದೀನಿ."

"ಹಾಗಾದ್ರೆ ಎಲ್ಲಾ ಬಿಚ್ಚೋಣ. ಹದಿಮೂರನೇದು ಸಿಕ್ರೆ ನಾನೇನೂ ಮಾಡೋಕಾಗಲ್ಲ ತಾಯಿ."

ನಲವತ್ತು ಪೆಟ್ಟಿಗೆಗಳು. ಒಂದೊಂದರ ಮುಚ್ಚಳ ಕಿತ್ತಾಗಲೂ ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಮೈದುನ ಗೋಡೆಗೊರಗಿ ಕುಕ್ಕರಿಸಿಬಿಟ್ಟಿದ್ದ. ಹನ್ನೆರಡು ಗಡಿಯಾರವೂ ಆ ಒಂದೇ ಪೆಟ್ಟಿಗೆಯಲ್ಲಿದ್ದವು; ಉಳಿದವುಗಳಲ್ಲಿ, ಕೊನೆಯದರಲ್ಲೂ, ಬರೀ ಯಂತ್ರಗಳು. ಅಧಿಕಾರಿ ಹನ್ನೆರಡಕ್ಕೆ ಪೂರ್ತಿ ಸುಂಕ ಹಾಕಿ, ತಿದ್ದಿದ ಕಾಗದಕ್ಕೆ ಸಹಿ ಮಾಡಿದರು.

"ಅತ್ತಿಗೆ, ನಿಮ್ಮ ಕಿವಿ ಇಲಾಖೆಯವರ ಕೈಗೆ ಸಿಗದಿದ್ರೆ ಸಾಕು," ಎಂದ ಮೈದುನ. ನಗಲು ಇಬ್ಬರಿಗೂ ಆಗಲಿಲ್ಲ.

ಆಮೇಲೆ ಚೌಕಟ್ಟು ಕಳಿಸುವುದನ್ನೇ ಬಿಟ್ಟಳು. ಅಳತೆಯ ಚಿತ್ರವಷ್ಟೇ ಹೋಗುತ್ತದೆ. ಆದರೂ ಹೊಸ ಸರಕು ಬಂದಾಗ, ಕಾಗದಕ್ಕೆ ಸಹಿ ಹಾಕುವ ಮುನ್ನ, ಪ್ರತಿ ಪೆಟ್ಟಿಗೆಗೂ ಕಿವಿಯಿಟ್ಟು ಉಸಿರು ಬಿಗಿಹಿಡಿದು ನಿಲ್ಲುತ್ತಾಳೆ.