ಟ್ಯೂಬಿನ ಮೇಲೆ ನಾನು ಬರೆದ ಹೆಸರು

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಕುಳಿತರೆ ನಾನು ಚಹಾಕ್ಕಿಡುವ ನೆಪ ಮಾಡಿ ಒಳಗೆ ಎದ್ದು ಹೋಗುತ್ತಿದ್ದೆ. ನನ್ನದು ದವಾಖಾನೆಯ ಲ್ಯಾಬಿನ ಕೆಲಸ. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಉಂಟು, ಕಾಣದ್ದು ಇಲ್ಲ; ಇಷ್ಟೇ ನನ್ನ ನಂಬಿಕೆ. ತೀರಿಹೋದ ಅತ್ತೆ ತನ್ನನ್ನು ಹೆಸರು ಹಿಡಿದು ಕರೆದಳೆಂದು ನಮ್ಮ ಚಿಗವ್ವ ಒಮ್ಮೆ ಹೇಳಿದಾಗ, ಕಿವಿಯ ಡಾಕ್ಟರಿಗೆ ತೋರಿಸು ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದೆ. ಆದ್ದರಿಂದ ಈಗ ನೀವು ನನ್ನನ್ನು ನೋಡಿ ನಕ್ಕರೆ ನನ್ನ ತಕರಾರಿಲ್ಲ.

ಇನ್ನೊಂದು ಮಾತು. ರಕ್ತ, ಕಫ, ಉಚ್ಚೆ, ವೀರ್ಯ, ಎಲ್ಲವನ್ನೂ ದಿನವಿಡೀ ಮುಟ್ಟುವವಳಿಗೆ ಹೇಸಿಗೆ ಆಗುವುದಿಲ್ಲವೇ ಎಂದು ಜನ ಕೇಳುತ್ತಾರೆ. ಆಗುವುದಿಲ್ಲ. ಕೈ ತೊಳೆದು, ಅದೇ ಕೋಣೆಯ ಮೂಲೆಯಲ್ಲಿ ಕುಳಿತು ರೊಟ್ಟಿ ತಿಂದವಳು ನಾನು. ಮೈಯಿಂದ ಹೊರಬೀಳುವ ಯಾವುದೂ ನನಗೆ ಹೇಸಿಗೆ ತಂದಿಲ್ಲ. ಹೇಸಿಗೆ ಎಂದರೇನೆಂದು ತಿಳಿದದ್ದು ಆ ಒಂದು ಗುರುವಾರ.

ಆಗ ನಾನು ನರಗುಂದದ ಒಂದು ಖಾಸಗಿ ದವಾಖಾನೆಯಲ್ಲಿದ್ದೆ. ನಮ್ಮ ಮೇಡಂ ಮಕ್ಕಳಾಗದವರಿಗೆ ಚಿಕಿತ್ಸೆ ಕೊಡುತ್ತಿದ್ದರು. ಸೋಮವಾರ ರೋಣ, ಶನಿವಾರ ಗಜೇಂದ್ರಗಡ, ಉಳಿದ ದಿನ ನರಗುಂದ. ಜೊತೆಗೆ ಒಂದು ಮೆಡಿಕಲ್ ಕಾಲೇಜಿನವರ ಸಂಶೋಧನೆಗೂ ನಾವು ಮಾಹಿತಿ ಕೂಡಿಸುತ್ತಿದ್ದೆವು. ಕಾಲುವೆ ಬಂದ ಮೇಲೆ ವರ್ಷವಿಡೀ ಹೊಲದಲ್ಲಿ ಕೀಟನಾಶಕ ಹೊಡೆಯುವ ಗಂಡಸರ ವೀರ್ಯ ಕೆಟ್ಟಿದೆಯೇ ಎಂಬುದು ಅವರ ಪ್ರಶ್ನೆ. ಹೋಲಿಸಿ ನೋಡಲು ಹೊಲಕ್ಕಿಳಿಯದ ವ್ಯಾಪಾರಸ್ಥರ ಮನೆಗಳೂ ಬೇಕಿದ್ದವು. ಸಂಶೋಧನೆಯ ಪುಸ್ತಕದಲ್ಲಿ ಯಾರ ಹೆಸರೂ ಇರುತ್ತಿರಲಿಲ್ಲ, ಬರೀ ನಂಬರು. ಹೆಸರಿನ ಫೈಲು ಮೇಡಂ ಕೋಣೆಯ ಕಪಾಟಿನಲ್ಲಿ.

ಕಷ್ಟವೆಂದರೆ ಗಂಡಸರನ್ನು ಕರೆತರುವುದು. ಹೆಂಗಸರು ಎಷ್ಟು ಸೂಜಿಯಾದರೂ ಚುಚ್ಚಿಸಿಕೊಳ್ಳುತ್ತಿದ್ದರು. ಗಂಡಸರಿಗೆ ಮಾತ್ರ ನಮ್ಮ ಹಿತ್ತಲಿನ ಕೋಣೆಗೆ ಹೋಗುವುದೆಂದರೆ ಮರ್ಯಾದೆ ಹೋದಂತೆ. ಕೊನೆಗೆ ಮೇಡಂ, ಮನೆಯಲ್ಲೇ ಡಬ್ಬಿಯಲ್ಲಿ ಹಿಡಿದು, ಆರದಂತೆ ಮೈಗೊತ್ತಿಕೊಂಡು, ಒಂದು ತಾಸಿನೊಳಗೆ ತಂದುಕೊಡಿ ಎಂದು ಸಡಿಲ ಬಿಟ್ಟರು. ಆ ಸಡಿಲಿಕೆಗೆ ನಾನೂ ತಲೆಯಾಡಿಸಿದ್ದೆ.

ಸವಡಿ ತವರಿನ ಸುವರ್ಣಾ ನರಗುಂದದ ಕಾಳಿನ ವ್ಯಾಪಾರದ ದೊಡ್ಡ ಮನೆಯೊಂದರ ಸೊಸೆ. ಮದುವೆಯಾಗಿ ಎಂಟು ವರ್ಷ. ಗಂಡ ಒಮ್ಮೆ ಮಾತ್ರ ಖುದ್ದಾಗಿ ಬಂದು ಪರೀಕ್ಷೆಗೆ ಕೊಟ್ಟಿದ್ದ. ಅದರಲ್ಲಿ ಒಂದೇ ಒಂದು ಕಣವೂ ಕಾಣಲಿಲ್ಲ. ಮತ್ತೆ ನೋಡೋಣ ಎಂದರು ಮೇಡಂ. ಅಲ್ಲಿಂದ ಮುಂದೆ ಡಬ್ಬಿಯನ್ನು ಅವಳ ಅತ್ತೆಯೇ ಮನೆಯಿಂದ ತರತೊಡಗಿದರು, ಫಲಿತಾಂಶ ಪ್ರತಿಸಲವೂ ಚಲೋ ಬರತೊಡಗಿತು. ಮೊದಲಿನದು ಹಿಡಿಯುವಾಗಿನ ತಪ್ಪಿರಬೇಕೆಂದು ನಾನೇ ಪುಸ್ತಕದಲ್ಲಿ ಆ ಸೊನ್ನೆಗೆ ಗೆರೆ ಎಳೆದೆ. ಗಂಡನಲ್ಲಿ ದೋಷವಿಲ್ಲ ಎಂದಾದ ಮೇಲೆ ದೋಷವೆಲ್ಲ ಸುವರ್ಣಾಳದೇ ಆಯಿತು. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ತೆಗೆದುಕೊಂಡು ಅವಳ ಹೊಟ್ಟೆಯ ಚರ್ಮ ಗಂಟುಗಂಟಾಗಿತ್ತು. ಈ ಸಲ ಆಗದಿದ್ದರೆ ಮಗನಿಗೆ ಬೇರೆ ಹೆಣ್ಣು ನೋಡುವುದಾಗಿ ಅತ್ತೆ ಎಲ್ಲರೆದುರು ಹೇಳಿದ್ದರು.

ಆ ಗುರುವಾರ ಗಂಡನ ವೀರ್ಯವನ್ನು ತೊಳೆದು, ಒಳ್ಳೆಯ ಕಣಗಳನ್ನಷ್ಟೇ ಬೇರ್ಪಡಿಸಿ, ಸಣ್ಣ ನಳಿಕೆಯಿಂದ ಅವಳ ಗರ್ಭಕೋಶಕ್ಕೆ ಸೇರಿಸುವುದಿತ್ತು. ಇದಕ್ಕೊಂದು ನಿಯಮವಿದೆ. ಹೆಂಡತಿಯೇ ಬಾಯಿಬಿಟ್ಟು ಗಂಡನ ಹೆಸರು ಹೇಳಬೇಕು, ನಾನದನ್ನು ಟ್ಯೂಬಿಗೆ ಬರೆಯಬೇಕು, ನರ್ಸು ಅದನ್ನು ಫೈಲಿನೊಂದಿಗೆ ತಾಳೆ ನೋಡಬೇಕು. ಈ ನಿಯಮ ಮಾಡಿದವರು ನಮ್ಮ ಕಡೆಯವರಂತೂ ಅಲ್ಲ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದುಂಟೇ? ಸತ್ತರೂ ಹೇಳುವುದಿಲ್ಲ. ಅದಕ್ಕೆ ನಾನೊಂದು ಉಪಾಯ ಮಾಡಿದ್ದೆ. ಮದುವೆ, ಸೀಮಂತಗಳಲ್ಲಿ ಹಾಡಿನಂಥ ಎರಡು ಸಾಲಿನೊಳಗೆ ಗಂಡನ ಹೆಸರು ಸೇರಿಸಿ ಹೇಳುವ ಒಡಪು ಇದೆಯಲ್ಲ, ಅದನ್ನೇ ಹೇಳಿಸುತ್ತಿದ್ದೆ. ಬೆಂಚಿನ ಮೇಲೆ ಕುಳಿತ ಹೆಂಗಸರೆಲ್ಲ ನಗುತ್ತಿದ್ದರು, ಅವರ ಅಂಜಿಕೆಯೂ ಕಡಿಮೆಯಾಗುತ್ತಿತ್ತು.

ಸುವರ್ಣಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಆಮೇಲೆ ಹೇಳಿದಳು:

"ಕಾಲುವಿ ನೀರು ಬಂತು, ಗೋವಿನಜ್ವಾಳ ತೆನಿ ಹಿಡಿತು, ಮಲ್ಲಿಕಾರ್ಜುನರ ಹೆಸರು ಹೇಳಾಕ ನನಗ್ಯಾಕ ನಾಚಿಕಿ ಬಂತು."

ನಾನು ಕೇಳಿದ್ದು ಇದು. ನನ್ನಿಂದ ಎರಡು ಮೊಳ ದೂರದಲ್ಲಿ ನಿಂತಿದ್ದಳು, ಹಗಲು ಹನ್ನೊಂದರ ಹೊತ್ತು, ಹೊರಗೆ ಗದ್ದಲವಿರಲಿಲ್ಲ. ನಾನು ಮಲ್ಲಿಕಾರ್ಜುನ ಎಂದು ಬರೆದು ಟ್ಯೂಬಿಗೆ ಅಂಟಿಸಿ ಕೆಲಸಕ್ಕೆ ಹತ್ತಿದೆ.

ಮುಕ್ಕಾಲು ತಾಸಿನ ಮೇಲೆ ನರ್ಸು ಫೈಲು ಹಿಡಿದು ಬಂದಳು. ಫೈಲಿನಲ್ಲಿ ಶಿವಾನಂದ ಎಂದಿದೆ, ನೀವು ಬೇರೆ ಏನೋ ಬರೆದಿದ್ದೀರಿ ಎಂದಳು. ಅವಳೇ ಹೇಳಿದ್ದಾಳೆ, ಬೇಕಾದರೆ ಕೇಳು ಎಂದು ಸಿಡುಕಿ, ನಾನೇ ಬೆಂಚಿನ ಹತ್ತಿರ ಹೋದೆ. ಮಲ್ಲಿಕಾರ್ಜುನ ಎಂಬ ಹೆಸರು ಕೇಳಿ ಸುವರ್ಣಾ ಬೆಚ್ಚಿಬಿದ್ದಳು.

"ಆ ಹೆಸರು ನಾ ಯಾಕ ಹೇಳಲ್ರಿ ಅಕ್ಕಾರ? ಅಂವ ನನ್ನ ಮೈದುನ."

ಬೆಂಚಿನ ಮೇಲಿದ್ದ ಮೂವರು ಹೆಂಗಸರೂ ಅವಳು ಶಿವಾನಂದ ಎಂದೇ ಹೇಳಿದ್ದನ್ನು ಕೇಳಿದ್ದರು. ಕೊಣ್ಣೂರಿನ ಒಬ್ಬಾಕೆಯಂತೂ ಒಡಪನ್ನು ಇಡಿಯಾಗಿ ನನಗೆ ಮತ್ತೊಮ್ಮೆ ಹೇಳಿ ತೋರಿಸಿದಳು. ಎಲ್ಲವೂ ನಾನು ಕೇಳಿದಂತೆಯೇ ಇತ್ತು, ಹೆಸರೊಂದನ್ನು ಬಿಟ್ಟು. ಶಿವಾನಂದ ಎಲ್ಲಿ, ಮಲ್ಲಿಕಾರ್ಜುನ ಎಲ್ಲಿ? ಸದ್ದಿನಲ್ಲಿ ಒಂದಕ್ಕೊಂದು ಹೋಲಿಕೆಯೇ ಇಲ್ಲ. ಅವಳಿಗೆ ಮೈದುನ ಇದ್ದಾನೆಂಬುದೂ ನನಗೆ ಗೊತ್ತಿರಲಿಲ್ಲ. ಆದರೂ ಕೆಲಸದ ದಣಿವು ಎಂದುಕೊಂಡೆ.

ಅವಳ ಅತ್ತೆ ಹೊರಗೆ ಪಡಸಾಲೆಯಲ್ಲಿ ಕುಳಿತಿದ್ದರು. ಡಬ್ಬಿ ತಂದವರು ಅವರೇ ಆದ್ದರಿಂದ ನಿಯಮದಂತೆ ಅವರಿಗೂ ಹೇಳಬೇಕಿತ್ತು. ಕೈತಪ್ಪಿ ಟ್ಯೂಬಿನ ಮೇಲೆ ಮಲ್ಲಿಕಾರ್ಜುನ ಎಂದು ಬರೆದುಬಿಟ್ಟಿದ್ದೇನೆ, ತಿದ್ದುತ್ತೇನೆ ಎಂದೆ. ಆ ಹೆಂಗಸು ನನ್ನನ್ನು ಬೈಯಬೇಕಿತ್ತು. ಚಹಾದಲ್ಲಿ ಸಕ್ಕರೆ ಕಡಿಮೆಯಾದರೂ ದವಾಖಾನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುವವರು ಅವರು. ಬೈಯಲಿಲ್ಲ. ಎದ್ದು ಬಂದು ನನ್ನ ಮಣಿಕಟ್ಟು ಹಿಡಿದು ಗೋಡೆಯ ಕಡೆಗೆ ಕರೆದೊಯ್ದರು.

"ನಿನಗಿದನ್ನ ಯಾರ್ ಹೇಳ್ಯಾರ ತಂಗಿ?"

ಆ ಪ್ರಶ್ನೆ ನನ್ನ ತಲೆಗೆ ಇಳಿಯಲು ತುಸು ಹೊತ್ತು ಬೇಕಾಯಿತು. ಇಳಿದ ಮೇಲೆ ನಾನು ಸುಮ್ಮನೆ ಅವರ ಮುಖ ನೋಡುತ್ತ ನಿಂತೆ. ನನಗೆ ಎಲ್ಲ ಗೊತ್ತಿದೆ ಎಂದೇ ತಿಳಿದು ಅವರು ಮೆಲ್ಲಗೆ ಹೇಳತೊಡಗಿದರು.

"ಹೊರಗಿಂದೇನ್ ಅಲ್ಲವಾ, ನಮ್ಮ ಮನಿ ರಕ್ತ ಮನ್ಯಾಗ ಉಳೀತೈತಿ. ಇಬ್ಬರೂ ಹುಡುಗರಿಗೆ ಗೊತ್ತೈತಿ. ಆಕಿಗೆ ಅಷ್ಟ ಗೊತ್ತಿಲ್ಲ. ಗೊತ್ತಾದ್ರ ಸುಮ್ಸುಮ್ನ ಮನಸಿಗೆ ಹಚ್ಕೋತಾಳ. ನೀ ಹೆಸರು ತಿದ್ದಿ ಕೊಡು."

ಎಷ್ಟು ಪ್ರೀತಿಯಿಂದ ಹೇಳಿದರೆಂದರೆ, ಅವರು ಕೆಟ್ಟ ಮಾತು ಆಡಿದ್ದರೂ ನನಗೆ ಅಷ್ಟು ಅಸಹ್ಯವಾಗುತ್ತಿರಲಿಲ್ಲ. ಆ ಡಬ್ಬಿಯನ್ನು ಸೆರಗಿನೊಳಗೆ ಎದೆಗೊತ್ತಿಕೊಂಡು ತಂದದ್ದು ನೆನಪಾಯಿತು. ಇಬ್ಬರು ಗಂಡುಮಕ್ಕಳು ಮನೆಯಲ್ಲಿ ಕುಳಿತು ಒಪ್ಪಿಕೊಂಡದ್ದು, ಒಳಗೆ ಮಂಚದ ಮೇಲೆ ಮಲಗಲು ಸುವರ್ಣಾ ಕಾಯುತ್ತಿದ್ದದ್ದು, ಬಂಜೆ ಎನ್ನಿಸಿಕೊಂಡು ಚುಚ್ಚಿಸಿಕೊಂಡ ಅಷ್ಟೂ ಸೂಜಿ. ಲ್ಯಾಬಿಗೆ ಓಡಿ ಹೋಗಿ ಸಿಂಕಿನಲ್ಲಿ ವಾಂತಿ ಮಾಡಿಕೊಂಡೆ. ಆಮೇಲೆ ಆ ಟ್ಯೂಬನ್ನೂ ಅದರಲ್ಲೇ ಬಗ್ಗಿಸಿ ನೀರು ಬಿಟ್ಟೆ.

ಮೇಡಂಗೆ ಎಲ್ಲ ಹೇಳಿದೆ. ಅವರು ಅತ್ತೆಯನ್ನು ಕರೆಸಿ, ಇನ್ನು ಈ ದವಾಖಾನೆಗೆ ಬರಬೇಡಿ ಎಂದರು, ಅದೂ ಕೈಮುಗಿದು. ಸುವರ್ಣಾಳಿಗೆ ಮಾತ್ರ ಹೇಳುವುದು ಬೇಡ, ಅವಳ ಸಂಸಾರ ಒಡೆಯುತ್ತದೆ ಎಂದು ನನಗೆ ತಾಕೀತು ಮಾಡಿದರು. ಇಂದಿನದು ಕೆಟ್ಟುಹೋಗಿದೆ ಎಂದು ನಾನೇ ಹೋಗಿ ಅವಳಿಗೆ ಸುಳ್ಳು ಹೇಳಿದೆ. ಅವಳು ಅಳಲಿಲ್ಲ, ನನ್ನ ಕೈ ಹಿಡಿದುಕೊಂಡಳು.

"ನನ್ನ ಕಡಿಂದ ಏನರ ತಪ್ಪಾತೇನ್ರಿ ಅಕ್ಕಾರ?"

ಇಲ್ಲ ಎಂದೆ. ಅಷ್ಟು ಹೇಳಿದೆ, ಅದರ ಮುಂದಿನದನ್ನು ಹೇಳಲಿಲ್ಲ. ಮೇಡಂ ಹೇಳಿದ್ದಕ್ಕೆ ಅಲ್ಲ. ಅಂಜಿದೆ, ಅಷ್ಟೇ. ಆ ದಿನದ ಹೇಸಿಗೆಯಲ್ಲಿ ಅರ್ಧ ನನ್ನದೇ ಎಂದು ನಾನು ಬಲ್ಲೆ.

ಪುಸ್ತಕದಲ್ಲಿ ಅವರ ನಂಬರಿನ ಸಾಲಿಗೆ ಗೆರೆ ಎಳೆದೆ. ಆಮೇಲೆ ಉಳಿದ ಸಾಲುಗಳನ್ನು ನೋಡಿದೆ. ಮನೆಯಿಂದ ಡಬ್ಬಿ ಬಂದವು ಎಷ್ಟೋ ಇದ್ದವು. ಯಾವುದು ಯಾರದೆಂದು ಯಾವ ಸೂಕ್ಷ್ಮದರ್ಶಕ ಹೇಳುತ್ತದೆ? ಹಾಗೆ ಯಾರೂ ಹೇಳದ ಹೆಸರು ನನಗೆ ಕೇಳಿಸಿದ್ದು ಒಂದೇ ಸಲ. ಮನೆಯಿಂದ ತರುವುದನ್ನು ನಿಲ್ಲಿಸಿ ಎಂದು ಹಟ ಹಿಡಿದು ನಿಲ್ಲಿಸಿದೆ. ಹಿಂದಿನವು ಹಾಗೇ ಕಾಲೇಜಿಗೆ ಹೋದವು.

ಈ ಮಾತನ್ನು ತಿಳಿದವರೊಬ್ಬರ ಮುಂದೆ ಇಟ್ಟಿದ್ದೇನೆ. ಅತ್ತೆ ಯಾವಾಗಲೋ ಕಿರಿಮಗನ ಹೆಸರೆತ್ತಿದ್ದು ಕಿವಿಗೆ ಬಿದ್ದಿರಬೇಕು, ಮನಸ್ಸು ಅದನ್ನು ಹಿಡಿದಿಟ್ಟುಕೊಂಡಿರಬೇಕು ಎಂದರು ಅವರು. ಇರಬಹುದು. ಆದರೆ ಎಂಥ ಸದ್ದಿನಲ್ಲೂ ಸರಿಯಾಗಿ ಕೇಳಿ ಬರೆಯುವವಳೆಂದು ಹೆಸರಾದ ನಾನು, ಎದುರಿಗೆ ನಿಂತವಳ ತುಟಿ ನೋಡುತ್ತ ಅದನ್ನು ಕೇಳಿದೆ. ಅವಳ ದನಿಯಲ್ಲೇ ಕೇಳಿದೆ.

ಎರಡು ವರ್ಷದ ಮೇಲೆ ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ಸುವರ್ಣಾ ಕಂಡಳು. ಸಂಬಂಧಿಕರ ಮದುವೆಗೆ ಬಂದಿದ್ದಳಂತೆ. ಕಂಕುಳಲ್ಲಿ ಗಂಡು ಕೂಸು, ದುಂಡಗೆ ಚಲೋ ಇತ್ತು. ಬೇರೆ ಊರಿನ ದವಾಖಾನೆಯಲ್ಲಿ ಒಂದೇ ಸಲಕ್ಕೆ ಆಯಿತೆಂದು ಹೇಳಿದಳು. ನಿಮ್ಮ ಕೈಗುಣ ನನಗೆ ಆಗಿಬರಲಿಲ್ಲ ನೋಡಿ ಎಂದು ಚಾಷ್ಟಿಯನ್ನೂ ಮಾಡಿದಳು. ಕೂಸನ್ನು ನನ್ನ ಕೈಗೆ ಕೊಟ್ಟಳು. ಎತ್ತಿಕೊಂಡೆ. ಕೂಸಿನ ಮೇಲೆ ನನಗೆ ಯಾವ ಹೇಸಿಗೆಯೂ ಬರಲಿಲ್ಲ, ಅದು ನನ್ನ ಕೊರಳ ಸರ ಹಿಡಿದು ಎಳೆಯುತ್ತಿತ್ತು.

"ಯಾರ್ಹಂಗ ಅದಾನ್ರಿ ಅಕ್ಕಾರ? ಎಲ್ಲಾರೂ ಇವನ ಕಾಕಾನ್ಹಂಗ, ನನ್ನ ಮೈದುನನ್ಹಂಗ ಅಂತಾರ."

ನಗುತ್ತಲೇ ಕೇಳಿದಳು, ಆದರೆ ಕಣ್ಣು ನನ್ನ ಮುಖದಿಂದ ಕದಲಲಿಲ್ಲ. ಗೊತ್ತಿದ್ದು ಕೇಳಿದಳೋ, ಗೊತ್ತಿಲ್ಲದೆ ಕೇಳಿದಳೋ ನಾನು ಇಂದಿಗೂ ಹೇಳಲಾರೆ.

"ನಿನ್ಹಂಗ ಅದಾನವಾ" ಎಂದೆ.

ಅವಳು ಸ್ವಲ್ಪ ಹೊತ್ತು ಕಾದಳು, ನಾನು ಇನ್ನೇನಾದರೂ ಹೇಳಿಯೇನೆಂಬಂತೆ. ಆಮೇಲೆ ಕೂಸನ್ನು ತೆಗೆದುಕೊಂಡು ರೋಣದ ಬಸ್ಸಿಗೆ ಹತ್ತಿದಳು.